ಕರಣಿ ಕೇಳಿದವಳಿಗೆ ಹೊಲಿಗೆ ಯಂತ್ರ

ಪುಣೆಯ ಧನಕವಡಿಯಲ್ಲಿ, ನಮ್ಮ ಓಣಿಯ ಸಮಾಜ ಮಂದಿರದಲ್ಲಿ ಐದು ವರ್ಷಗಳಿಂದ ಸಂಜೆ ಹೊತ್ತು ಕಟ್ಟಡ ಕೆಲಸದ ಹೆಂಗಸರಿಗೆ ಓದು ಬರಹ ಕಲಿಸುತ್ತೇನೆ. ಹೆಚ್ಚಿನವರು ಕಲಬುರ್ಗಿ, ಯಾದಗಿರಿ ಕಡೆಯವರು. ಮಾತೆಲ್ಲ ಕನ್ನಡ, ಕಲಿಸುವುದು ಮಾತ್ರ ಮರಾಠಿ ಅಕ್ಷರ. ಬಸ್ಸಿನ ಬೋರ್ಡು, ಆಸ್ಪತ್ರೆಯ ಚೀಟಿ, ಗುತ್ತಿಗೆದಾರನ ಹಾಜರಿ ಎಲ್ಲವೂ ಇಲ್ಲಿ ಮರಾಠಿಯಲ್ಲೇ ಇರುತ್ತವೆ. ನಾನು ಧಾರವಾಡದವಳು. ಬಾಯಿ ಜೋರು ಅಂತ ತವರಿನಲ್ಲೂ ಗಂಡನ ಮನೆಯಲ್ಲೂ ಹೆಸರು. ಆ ಬಾಯಿ ಬೇಕಾದ ದಿನ ಎಲ್ಲಿ ಸತ್ತಿತ್ತೋ ಗೊತ್ತಿಲ್ಲ.

ನನ್ನಲ್ಲಿ ಕಲಿಯುತ್ತಿದ್ದ ಒಬ್ಬಳಿಗೆ ಗೌಂಡಿ, ಅಂದರೆ ಗೋಡೆ ಕಟ್ಟುವ ಮೇಸ್ತ್ರಿ, ಆಗಬೇಕಿತ್ತು. ಹದಿನೈದು ವರ್ಷ ಗಾರೆ ಕಲಸಿ, ಬುಟ್ಟಿ ಹೊತ್ತು, ಇಟ್ಟಿಗೆ ಎತ್ತಿ ಕೊಟ್ಟ ಹೆಂಗಸು. ಆದರೆ ಹೆಣ್ಣಾಳು ಹೊರಬೇಕು, ಗೌಂಡಿ ಕಟ್ಟಬೇಕು. ಪುಣೆಯಲ್ಲಿ ಎಷ್ಟು ಅಂತಸ್ತು ಎದ್ದರೂ ಈ ಕಟ್ಟಳೆ ಅಲ್ಲಾಡಿಲ್ಲ. ಗಾರೆ ಹಚ್ಚುವ ಕರಣಿಯನ್ನು ಹೆಣ್ಣಾಳು ಮುಟ್ಟುವ ಹಾಗಿಲ್ಲ. ಒಮ್ಮೆ ನಿಗಡಿಯ ಕಟ್ಟಡವೊಂದರಲ್ಲಿ ಗೌಂಡಿ ಚಹಾಕ್ಕೆ ಹೋದಾಗ ಇವಳೇ ಎರಡು ವರಸೆ ಇಟ್ಟಿಗೆ ಇಟ್ಟಳಂತೆ. ಆತ ಬಂದು ತೂಗುಗುಂಡು ಬಿಟ್ಟು ನೋಡಿದ. ನೆಟ್ಟಗಿತ್ತು. ನೋಡಿದ ಮೇಲೆ ಒದ್ದು ಕೆಡವಿದ. “ಸೊಟ್ಟ ಇದ್ರ ಕೆಡವ್ಲಿ ಬಿಡ್ರಿ ಅಕ್ಕಾರ,” ಅಂದಿದ್ದಳು, “ನೆಟ್ಟಗ ಅದ ಅಂತ ನೋಡೇ ಕೆಡವಿದ್ನಲ್ರಿ.” ಅವಳಿಗೆ ಬೇಕಾಗಿದ್ದದ್ದು ಸರಕಾರದ ತರಬೇತಿ, ಗೌಂಡಿ ಅಂತ ಬರೆದ ಒಂದು ಸರ್ಟಿಫಿಕೇಟು. ಅದನ್ನು ತೋರಿಸಿದರೆ ಯಾವ ಗುತ್ತಿಗೆದಾರನೂ ತನ್ನ ಕೈಯಿಂದ ಕರಣಿ ಕಸಿದುಕೊಳ್ಳಲಾರ ಎಂದು ನಂಬಿದ್ದಳು.

ಹೋದ ವರ್ಷ ಸರಕಾರದಿಂದ ನನಗೊಂದು ಪತ್ರ ಬಂತು. ವಯಸ್ಕರ ಶಿಕ್ಷಣ ಮತ್ತು ಕೌಶಲ ತರಬೇತಿಗೆ ಹೊಸ ನೀತಿ ಬರೆಯುತ್ತಾರೆ, ಅದಕ್ಕೆ ಮೊದಲು ಸಂಬಂಧಪಟ್ಟವರನ್ನೆಲ್ಲ ಕೂಡಿಸಿ ಕೇಳುತ್ತಾರೆ, ಕಲಿಯುವವರಲ್ಲಿ ಒಬ್ಬರನ್ನು ಕರೆತನ್ನಿ ಎಂದಿತ್ತು. ಇವಳನ್ನೇ ಕರೆದೊಯ್ದೆ. ಕೆಲಸ ಬಿಟ್ಟು, ಇಸ್ತ್ರಿ ಮಾಡಿಸಿದ ಸೀರೆ ಉಟ್ಟು ಬಂದಳು. ಹೋಟೆಲಿನ ಸಭಾಂಗಣ, ದುಂಡು ಮೇಜುಗಳು. ಮುಂದಿನ ಮೇಜುಗಳಲ್ಲಿ ಕಾರ್ಖಾನೆಯವರು, ಕಾಲೇಜಿನವರು, ತರಬೇತಿ ಕೇಂದ್ರ ನಡೆಸುವವರು. ಕಲಿಯುವವರು ಒಟ್ಟು ಆರು ಮಂದಿ. ಅವರಿಗೆ ಬಾಗಿಲ ಪಕ್ಕದ ಮೇಜು. ಯಾರಿಗಾಗಿ ನೀತಿಯೋ ಅವರಿಗೆ ಬಾಗಿಲ ಸಂದಿ! ಮಧ್ಯಾಹ್ನದವರೆಗೆ ಪುಷ್ಪಗುಚ್ಛ, ಸ್ವಾಗತ, ಭಾಷಣ.

ಊಟಕ್ಕೆ ಹತ್ತು ನಿಮಿಷ ಇರುವಾಗ ನಮ್ಮ ಮೇಜಿಗೆ ಮೈಕು ಬಂತು. ಅವಳು ಎದ್ದು ನಿಂತು ಕನ್ನಡದಲ್ಲೇ ಹೇಳಿದಳು. “ನಂಗ ಹೊಲಿಗಿ ಬ್ಯಾಡ್ರಿ. ಹಪ್ಪಳ ಮಾಡೂದೂ ಬ್ಯಾಡ. ಗ್ವಾಡಿ ಕಟ್ಟೂದು ನಂಗ ಬರ್ತದ್ರಿ. ಬೇಕಾದ್ರ ಪರೀಕ್ಷಾ ಮಾಡ್ರಿ, ಪಾಸಾದ್ರ ಕಾಗದ ಕೊಡ್ರಿ.” ನಾನು ಒಂದು ಮಾತೂ ಬಿಡದೆ ಮರಾಠಿಯಲ್ಲಿ ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು, ಜೋರಾಗಿಯೇ ತಟ್ಟಿತು. ಕೆಲಸ ಆಯಿತು ಎಂದುಕೊಂಡು ಅವಳು ನನ್ನ ಕಡೆ ನೋಡಿ ನಕ್ಕಳು. ನಾನೂ ಹಾಗೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಊಟದ ನಂತರ ಫಾರ್ಮು ಕೊಟ್ಟರು, ಕಲಿಯುವವರ ಪರವಾಗಿ ಶಿಕ್ಷಕರು ತುಂಬಬೇಕು. ಯಾವ ತರಬೇತಿ ಬೇಕು ಎಂಬಲ್ಲಿ ಹೆಂಗಸರ ಪಟ್ಟಿ ಬೇರೆಯೇ ಇತ್ತು: ಹೊಲಿಗೆ, ಬ್ಯೂಟಿ ಪಾರ್ಲರು, ಮಸಾಲೆ-ಹಪ್ಪಳ, ರೋಗಿಗಳ ಆರೈಕೆ. ಕೊನೆಗೆ ‘ಇತರೆ’. ನಾನು ಅಲ್ಲಿ ಗೌಂಡಿ ಎಂದು ಬರೆಯಲು ಹೊರಟೆ. ಪಕ್ಕದಲ್ಲಿ ನಿಂತಿದ್ದ ಅಧಿಕಾರಿ, ತುಂಬ ಸಭ್ಯ ಮನುಷ್ಯ, ಬಗ್ಗಿ ಮೆಲ್ಲಗೆ ಮರಾಠಿಯಲ್ಲಿ ಹೇಳಿದ: ‘ಇತರೆ’ಯಲ್ಲಿ ಬರೆದದ್ದನ್ನು ಕಂಪ್ಯೂಟರು ಎಣಿಸುವುದಿಲ್ಲ ಮ್ಯಾಡಮ್, ಆಕೆ ಲೆಕ್ಕಕ್ಕೇ ಬರುವುದಿಲ್ಲ, ಸದ್ಯಕ್ಕೆ ಯಾವುದಾದರೂ ಒಂದಕ್ಕೆ ಗುರುತು ಹಾಕಿ. ಸಮಾಜ ಮಂದಿರವನ್ನು ನಮ್ಮ ಕ್ಲಾಸಿಗೆ ಮುಂದುವರಿಸುವ ಅರ್ಜಿ ಆಗ ಅವನ ಕಚೇರಿಯಲ್ಲೇ ಇತ್ತು. ಪಾಪ, ಅವನು ಅದರ ಮಾತೇ ಎತ್ತಲಿಲ್ಲ. ನಾನೇ ನೆನಪಿಸಿಕೊಂಡೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಹೊಲಿಗೆಗೆ ಗುರುತು ಹಾಕಿದೆ. ಕಾರಣ ಎಂಬಲ್ಲಿ ಒಂದು ಗೆರೆ ಖಾಲಿಯಿತ್ತು. ಏನೋ ಒಂದು ತುಂಬಬೇಕಲ್ಲ ಎಂದು ‘ಮನೆಯಲ್ಲಿ ಕೂತು ಮಾಡುವ ಕೆಲಸ ಬೇಕು’ ಅಂತ ಮರಾಠಿಯಲ್ಲಿ ಬರೆದೆ. ಕೈತೊಳೆಯಲು ಹೋಗಿದ್ದವಳು ಬಂದು, ನಾನು ತೋರಿಸಿದ ಜಾಗದಲ್ಲಿ ನಿಧಾನವಾಗಿ ಸಹಿ ಮಾಡಿದಳು. ಮೇಲೆ ಏನಿದೆ ಎಂದು ನೋಡಲಿಲ್ಲ. ನಾನು ಬರೆದದ್ದನ್ನು ಅವಳು ಯಾಕೆ ನೋಡಿಯಾಳು?

ಕೆಲವು ತಿಂಗಳ ಮೇಲೆ ನೀತಿಯ ಪುಸ್ತಕ ಹೊಳಪಿನ ಕಾಗದದಲ್ಲಿ ಅಚ್ಚಾಗಿ ಬಂತು. ಮಹಿಳೆಯರೇ ಮನೆಯಲ್ಲಿ ಮಾಡಬಹುದಾದ ಕೆಲಸ ಬಯಸುತ್ತಾರೆ ಎಂದು ಅದರಲ್ಲಿತ್ತು. ಗೌಂಡಿ ತರಬೇತಿ ಗಂಡಸರ ಪಟ್ಟಿಯಲ್ಲಿತ್ತು. ಓದಿ ಮೈಯೆಲ್ಲ ಉರಿಯಿತು, ಯಾರನ್ನು ಬೈಯಬೇಕು ಎಂದು ಮಾತ್ರ ತಿಳಿಯಲಿಲ್ಲ. ಅದಾದ ಸ್ವಲ್ಪ ದಿನಕ್ಕೆ ಸಮಾಜ ಮಂದಿರಕ್ಕೆ ಹೊಲಿಗೆ ಯಂತ್ರಗಳು ಬಂದವು.

ಹೆಸರು ಬರೆದುಕೊಳ್ಳಲು ಬಂದ ಗುಮಾಸ್ತ ಮೊದಲು ಕರೆದದ್ದು ಅವಳನ್ನೇ.

“ನಾ ಒಲ್ಲೆರಿ. ನಾ ಇದನ್ನ ಕೇಳೇ ಇಲ್ಲ,” ಅಂದಳು.

ಗುಮಾಸ್ತನಿಗೆ ಸಿಟ್ಟು ಬಂತು. ಫೈಲಿನಿಂದ ಫಾರ್ಮು ತೆಗೆದು ಅವಳ ಮುಂದೆ ಹಿಡಿದು, ನೀನೇ ಕೇಳಿದ್ದು, ಸಹಿ ನಿನ್ನದಲ್ಲವೇನು ಅಂದ. ಅವಳು ಸಹಿ ನೋಡಿದಳು. ಆಮೇಲೆ ಬೆರಳನ್ನು ಮೇಲಿನ ಗೆರೆಗೆ ಒಯ್ದು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. “ಘ-ರೀ. ಬ-ಸೂ-ನ್.” ಮನೆಯಲ್ಲಿ ಕೂತು. ಬೆರಳು ಅಲ್ಲೇ ನಿಂತಿತು. ಎರಡು ವರ್ಷ ದಿನಾ ಹಲಗೆಯ ಮೇಲೆ ನೋಡಿದ ಬರಹ, ಗುರುತು ಸಿಗದೆ ಇದ್ದೀತೇ?

“ಇದು ನಿಮ್ಮ ಅಕ್ಷರ ಹೌದಲ್ರಿ ಅಕ್ಕಾರ?”

“ಹೌದು,” ಅಂದೆ. ಕಂಪ್ಯೂಟರಿನ ಮಾತು ಬಾಯಿತನಕ ಬಂತು, ನುಂಗಿಕೊಂಡೆ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಫಾರ್ಮನ್ನು ಗುಮಾಸ್ತನ ಕೈಗೆ ಕೊಟ್ಟು, “ಓದಾಕ ಬರದಿದ್ರ ಛಲೋ ಇತ್ರಿ,” ಅಂದಳು. ಚಪ್ಪಲಿ ಮೆಟ್ಟಿ ಹೊರಟಳು.

ಮರುದಿನ ಸಂಜೆ ಕ್ಲಾಸಿಗೆ ಬರಲಿಲ್ಲ, ಆಮೇಲೂ ಬರಲಿಲ್ಲ. ಅವಳ ಮನೆ ಎರಡು ಓಣಿ ಆಚೆಗಿದೆ. ಯಾವ ಮುಖ ಇಟ್ಟುಕೊಂಡು ಕರೆಯಲು ಹೋಗಲಿ?