ದೇವರಿಗೆ ಕೊಡದ ಹಾಲು

ಆಗ ನನಗೆ ಅರವತ್ತೊಂಬತ್ತು. ಇದಾಗಿ ಮೂರು ವರ್ಷ. ನಮ್ಮೂರು ಶ್ರೀಗಂಧದ ಕಾವಲಿನಲ್ಲಿ ನಮ್ಮ ಹೊಲದ ಮೇಲೆಲ್ಲ ಮನೆ ಎದ್ದು, ನನ್ನ ಕೊಟ್ಟಿಗೆ ಮಾತ್ರ ಎರಡು ಅಪಾರ್ಟ್‌ಮೆಂಟಿನ ಸಂದೀಲಿ ಉಳಿದಿತ್ತು. ಒಂದೇ ಹಸು. ಹಾಲು ಐದು ಮನೆಗೆ.

ಮೊಮ್ಮಗಳು ಫಾರ್ಮಸಿ ಕೊನೇ ವರ್ಷ. ಎಲ್ಲರ ಹಂಗೆ ಮೆಡಿಕಲ್ ಸ್ಟೋರು ಸೇರಲಿ ಅಂತ ಅವಳಮ್ಮ, ನನ್ನ ಸೊಸೆ. ಇವಳಿಗೆ ದನ, ನಾಯಿ, ಕೋಳಿ ಔಷಧಿ ಕಡೆ ಹೋಗಬೇಕು. ಅದರ ತರಬೇತಿಗೆ ಹೆಸರು ಕೊಡೋಕೆ ಸೋಮವಾರವೇ ಕಡೇ ದಿನ. ಆ ವಾರವೆಲ್ಲ ಹುಡುಗಿ ಕೂತಲ್ಲಿ ಕೂರಲಿಲ್ಲ. ಗೆಳತಿ ಜೊತೆ ನಾಯಿ ಆಸ್ಪತ್ರೆ, ಕೋಳಿ ಔಷಧಿ ಅಂಗಡಿ ಅಂತ ಸುತ್ತೋದು. ಮನೆಗೆ ಬಂದರೆ ಒಳಗೂ ಹೊರಗೂ ಓಡಾಟ. ನೋಡಿ ನೋಡಿ ನನಗೂ ಕಾಲು ನಿಲ್ಲದಂಗಾಯ್ತು.

“ದನದ ಮಾತ್ರೆ ಎಣಿಸೋಕೆ ನಾಲ್ಕು ವರ್ಷ ಓದಬೇಕಿತ್ತೇನೇ?” ಅಂದಳು ಸೊಸೆ.

ನಾನೂ ಸೇರಿಸಿದೆ: “ಡಾಕ್ಟ್ರು ಚುಚ್ತಾರೆ, ಅಂಗಡಿಯವನು ಔಷಧಿ ಕೊಡ್ತಾನೆ. ನಡುವೆ ನಿಂದೇನು?”

ಹುಡುಗಿ ಚಪ್ಪಲಿ ಮೆಟ್ಟಿಕೊಂಡು ಮತ್ತೆ ಹೊರಗೆ ಹೋದಳು.

ಭಾನುವಾರ ಸಂಜೆ ಮೊಮ್ಮಗಳೂ ಗೆಳತಿಯೂ ಕೊಟ್ಟಿಗೆಗೆ ಬಂದರು. ಹಸುವಿಗೆ ಕೆಚ್ಚಲು ಬಾವು. ಡಾಕ್ಟರನ್ನ ಯಾಕೆ ಕರೆಯೋದು ಅಂತ ಹೋದ ಸಲದ ಔಷಧಿ ಟ್ಯೂಬು ಅಂಗಡೀಲಿ ತೋರಿಸಿ, ಅಂಥದ್ದೇ ತಂದು, ಎರಡು ದಿನದಿಂದ ಮೊಲೆಗೆ ನಾನೇ ಹಾಕ್ತಿದ್ದೆ. ಗೋಡೆ ಗೂಡಲ್ಲಿದ್ದ ಖಾಲಿ ಟ್ಯೂಬು ಎತ್ತಿ ಗೆಳತಿ ಓದಿದಳು.

“ಅಜ್ಜಿ, ಇದರ ಹಾಲು ಏನ್ ಮಾಡಿದ್ರಿ?”

“ಬಾವು ಬಂದ ಮೊಲೇದು ಚೆಲ್ದೆ. ಮಿಕ್ಕಿದ್ದು ಮನೆಗಳಿಗೆ. ನಾಳೆ ಗುಡಿ ಅಭಿಷೇಕಕ್ಕೆ ಮಾತ್ರ ಕೊಡಲ್ಲ. ಔಷಧಿ ಹಾಕಿದ ಹಸೂದು ದೇವರಿಗೆ ಆಗಲ್ಲ, ನಮ್ಮತ್ತೆ ಕಾಲದಿಂದ ಹಂಗೇ.”

ಮೊಮ್ಮಗಳು ನನ್ನ ಮುಖ ನೋಡಿದಳು. “ದೇವ್ರಿಗೆ ಆಗದ್ದು ನೀನು ಹಾಲು ಕೊಡೋ ಮೂರನೇ ಮನೆ ಮಗೂಗೆ ಆಗುತ್ತಾ?”

“ಕಾಯಿಸಿದ್ರೆ ಹೋಗುತ್ತೆ ಬಿಡೇ.”

“ಹೋಗಲ್ಲ ಅಜ್ಜಿ. ಔಷಧಿ ನಾಲ್ಕೂ ಮೊಲೇಲಿ ಬರಬಹುದು. ಹಾಕೋದು ನಿಲ್ಲಿಸಿದ ಮೇಲೂ ಇಂತಿಷ್ಟು ದಿನ ಹಾಲು ಕೊಡಬಾರದು ಅಂತ ಇದರಲ್ಲೇ ಬರೆದಿದೆ.”

“ಇರುವೆ ಸಾಲಿನಂಗಿದೆ, ಅದೂ ಇಂಗ್ಲಿಷು. ನಂಗೆ ಯಾರು ಹೇಳಿದ್ರು?” ರೇಗಿದೆ.

“ಯಾರೂ ಹೇಳಲ್ಲ. ಅದನ್ನ ಹೇಳೋ ಕೆಲಸಾನೇ ನಾನು ಕೇಳ್ತಿರೋದು.”

ಆ ವಾರದಲ್ಲಿ ಅವಳು ಒಂದು ಕಡೆ ನಿಂತು ಮಾತಾಡಿದ್ದು ಅದೇ ಮೊದಲು. ರಾತ್ರಿ ಲೆಕ್ಕ ಹಾಕ್ತಾ ಕೂತೆ. ಹಿಂದೆ ಎಷ್ಟು ಸಲ ಹಿಂಗೆ ಕೊಟ್ಟಿದ್ದೆನೋ. ಆ ಮಗುವಿಗೆ ಒಂದು ವರ್ಷವೂ ತುಂಬಿರಲಿಲ್ಲ.

ಮಾರನೇ ಬೆಳಿಗ್ಗೆ ಹಾಲು ಕರೆದು ಅಷ್ಟನ್ನೂ ಮೋರಿಗೆ ಸುರಿದೆ. ಮೊಮ್ಮಗಳನ್ನ ಎಬ್ಬಿಸಿ, ಸೊಸೆ ಎದುರಿಗೇ ಅಂದೆ: “ಹಾಲಿನ ಮನೆಗಳಿಗೆ ನಡಿ. ತಪ್ಪು ನಂದು ಅಂತ ನಾನು ಹೇಳ್ತೀನಿ, ಯಾಕೆ ಅಂತ ನೀನು ಹೇಳು. ಅಲ್ಲಿಂದ ಹಂಗೇ ಹೋಗಿ ನಿನ್ನ ತರಬೇತಿಗೆ ಹೆಸರು ಕೊಟ್ಟು ಬಾ.” ಖಾಲಿ ಕ್ಯಾನು ಅವಳ ಕೈಗೆ ಕೊಟ್ಟು, ಎರಡು ಮನೆ ದಾಟಿ, ಮೊದಲು ಮೂರನೇ ಮನೆ ಬೆಲ್ಲು ಒತ್ತಿದೆ.