ನೋಡಿದರೆ ಕಚ್ಚುವ ನಾಯಿಗೊಂದು ಮನೆ

ಹೈದರಾಬಾದಿನ ಬೇಗಂಪೇಟೆಯ ಬಾಡಿಗೆ ಮನೆಯಲ್ಲಿ ನಾವು ಹನ್ನೊಂದು ವರ್ಷ ಇದ್ದೆವು. ಅಷ್ಟು ವರ್ಷಗಳಲ್ಲಿ ಮನೆ ಖಾಲಿ ಮಾಡಿ ಎಂಬ ಮಾತು ಬಂದದ್ದು ಒಂದೇ ಸಲ. ಕಾರಣ ನಾಲ್ಕೂವರೆ ಕಿಲೋ ತೂಕದ ಒಂದು ನಾಯಿ.

ತಂಗಿಯನ್ನು ಗಾಡಿ ಹತ್ತಿಸಲು ಬೇಗಂಪೇಟೆ ಸ್ಟೇಷನ್ನಿಗೆ ಹೋಗಿದ್ದ ನನ್ನ ಹೆಂಡತಿ, ಪ್ಲಾಟ್‌ಫಾರ್ಮಿನ ಬೆಂಚಿನ ಕೆಳಗೆ ಬಿದ್ದಿದ್ದ ಅದನ್ನು ತಂಗಿಯ ಶಾಲಿನಲ್ಲಿ ಸುತ್ತಿಕೊಂಡು ಬಂದಳು. ತಂಗಿ ಶಾಲಿಲ್ಲದೆ ಊರಿಗೆ ಹೋದಳು. ನಾಯಿಯ ಒಂದು ಕಿವಿ ಹರಿದಿತ್ತು. ಬಣ್ಣ ಕಂದು, ಹೆಣ್ಣು. ಪಶುವೈದ್ಯರು ಹೊಲಿಗೆ ಹಾಕಿ, ರೇಬಿಸ್ ಸೂಜಿ ಚುಚ್ಚಿ, ಮರಿ ಹಾಕದಂತೆ ಆಪರೇಷನ್ ಮಾಡಿ, ವಯಸ್ಸು ಎರಡು ಇರಬಹುದು ಎಂದರು. ನಾವು ಹೆಸರಿಡಲಿಲ್ಲ. ಮನೆಯ ಮಾಲೀಕರು ಪ್ರಾಣಿ ಸಾಕಬಾರದೆಂದು ಮೊದಲೇ ಹೇಳಿದ್ದರು. ಗಾಯ ಮಾಯ್ದ ಮೇಲೆ ಒಳ್ಳೆಯ ಮನೆ ನೋಡಿ ಕೊಡುವುದೆಂದು ನಿರ್ಧರಿಸಿದ್ದೆವು.

ಗಾಯ ಮಾಯಿತು. ನಾಯಿ ಕಚ್ಚಲು ಶುರು ಮಾಡಿತು.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವನು. ಯಾರು, ಎಲ್ಲಿ, ಯಾವಾಗ, ಯಾಕೆ ಎಂದು ಬರೆದಿಡದಿದ್ದರೆ ಯಾವ ಘಟನೆಯೂ ನಡೆದಂತೆ ನನಗೆ ಅನಿಸುವುದಿಲ್ಲ. ಹಾಗಾಗಿ ಒಂದು ನೋಟ್‌ಬುಕ್ ಇಟ್ಟೆ. ಮೊದಲ ಘಟನೆ: ಕೊರಿಯರ್‌ನವನು, ಬಾಗಿಲಲ್ಲಿ, ಪ್ಯಾಂಟಿನ ಅಂಚು. ಅವನು ಹೆಲ್ಮೆಟ್ ಹಾಕಿದ್ದ. ಕಾರಣ: ಹೆಲ್ಮೆಟ್. ಎರಡನೆಯದು: ಎದುರು ಮನೆಯ ಹೆಣ್ಣುಮಗಳು, ಮೆಟ್ಟಿಲ ಮೇಲೆ, ಸೀರೆಯ ಅಂಚು. ಹೆಲ್ಮೆಟ್ ಇರಲಿಲ್ಲ, ಕೈಯಲ್ಲಿ ತರಕಾರಿ ಚೀಲವಿತ್ತು. ತಿದ್ದುಪಡಿ: ಹೆಲ್ಮೆಟ್ ಅಥವಾ ಚೀಲ. ಮನೆಗೆ ಬರುವವರೆಲ್ಲ ಎರಡನ್ನೂ ಕೆಳಗೇ ಬಿಟ್ಟು ಬರಬೇಕೆಂದು ಹೆಂಡತಿ ಮೆಟ್ಟಿಲ ಬುಡದಲ್ಲಿ ಚೀಟಿ ಅಂಟಿಸಿದಳು.

ಮೂರನೆಯ ಘಟನೆಗೆ ಗುರಿಯಾದವರು ಮೇಲಿನ ಮಹಡಿಯಲ್ಲಿದ್ದ ಮಾಲೀಕರು. ಚೀಟಿ ಯಾತಕ್ಕೆಂದು ಕೇಳಲು ಬರಿಗೈಯಲ್ಲಿ, ಬರಿದಲೆಯಲ್ಲಿ ಬಂದಿದ್ದರು. ನಾಯಿಯನ್ನು ಕಂಡು ಮೊದಲು ಸಿಟ್ಟಾಗಲಿಲ್ಲ. ತಮ್ಮ ಊರಿನಲ್ಲೂ ನಾಯಿಗಳಿದ್ದವು, ಅವು ತಮ್ಮ ಮಾತು ಕೇಳುತ್ತಿದ್ದವು ಎಂದು ತೆಲುಗಿನಲ್ಲಿ ಹೇಳುತ್ತ ಪ್ರೀತಿಯಿಂದಲೇ ಬಗ್ಗಿದರು. ಲುಂಗಿ ಹರಿಯಿತು. ಚರ್ಮಕ್ಕೆ ಗಾಯವಾಗಲಿಲ್ಲ. ಲುಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ತಿಂಗಳ ಕೊನೆಯ ಗಡುವು ಕೊಟ್ಟರು: ನಾಯಿ ಹೋಗಬೇಕು, ಇಲ್ಲವೇ ನಾವು ಹೋಗಬೇಕು. ನಮ್ಮಿಂದ ಆಗದಿದ್ದರೆ ತಾವೇ ಆಳು ಕರೆಸಿ ದೂರ ಬಿಡಿಸುವುದಾಗಿಯೂ ಹೇಳಿದರು.

ಹೆಂಡತಿಯ ನಿದ್ದೆ ಕೆಡಿಸಿದ್ದು ಈ ಕೊನೆಯ ಮಾತು. ನಮ್ಮ ಓಣಿಯಲ್ಲಿದ್ದ ದೊಡ್ಡ ಕರಿ ನಾಯಿಯನ್ನು ಕಂಡರೂ ಇದು ಹಗ್ಗ ಜಗ್ಗಿ ಹಾರುತ್ತಿತ್ತು. ಬೀದಿಗೆ ಬಿಟ್ಟರೆ ಒಂದು ದಿನ ಉಳಿಯುವುದಿಲ್ಲ ಎಂಬುದರಲ್ಲಿ ನಮ್ಮಿಬ್ಬರಿಗೂ ಸಂಶಯವಿರಲಿಲ್ಲ.

ಮೊದಲು ಅಮೀರ್‌ಪೇಟ್‌ನ ಕೋಚಿಂಗ್ ಮೇಷ್ಟ್ರೊಬ್ಬರು ಒಯ್ದರು. ಒಂದು ದಿನಕ್ಕೆ ವಾಪಸು ತಂದರು. ಆಮೇಲೆ ಬ್ಯಾಂಕಿನ ಹೆಣ್ಣುಮಗಳೊಬ್ಬಳು ಒಯ್ದಳು. ಮೂರನೆಯ ದಿನ ನಾಯಿ, ಅದರ ಬಟ್ಟಲು, ಒಡೆಯದ ಬಿಸ್ಕತ್ ಪೊಟ್ಟಣ ಮೂರೂ ಆಟೊದಲ್ಲಿ ಹಿಂದಿರುಗಿದವು. ಇಬ್ಬರೂ ಹೇಳಿದ್ದು ಒಂದೇ: ನಾವು ಅದನ್ನು ಬಹಳ ಚೆನ್ನಾಗಿ ನೋಡಿಕೊಂಡೆವು.

ಇನ್ನು ಸರಿಯಾಗಿ ಜಾಹೀರಾತು ಕೊಡೋಣವೆಂದು ನಾನು ಬರೆದೆ: ಚಿಕ್ಕ ಹೆಣ್ಣು ನಾಯಿ. ಕಂದು ಬಣ್ಣ. ಒಂದು ಕಿವಿ ಹರಿದಿದೆ. ಎರಡು ಮನೆಗಳಿಂದ ಹಿಂದಿರುಗಿದೆ. ಕಚ್ಚುತ್ತದೆ.

ಹೆಂಡತಿ ಓದಿ, “ಇದು ಜಾಹೀರಾತಲ್ರಿ, ಎಫ್‌ಐಆರ್ ಐತಿ,” ಎಂದಳು.

ಕೊನೆಯ ಮೂರು ಸಾಲು ಹೊಡೆದುಹಾಕಿ ‘ನಾಚಿಕೆ ಸ್ವಭಾವ’ ಎಂದು ಸೇರಿಸಿದಳು. ಅದು ಸುಳ್ಳೆಂದು ನಾನು ತಕರಾರು ತೆಗೆದೆ. ಅರ್ಧ ಗಂಟೆಯ ನಂತರ ಒಪ್ಪಂದವಾಯಿತು: ಅವಳ ಒಕ್ಕಣೆಯೇ ಇರಲಿ, ಆದರೆ ಬಂದವರ ಮುಂದೆ ನಾನು ನೋಟ್‌ಬುಕ್ ಪೂರ್ತಿ ಓದುತ್ತೇನೆ. ಅವಳು ಆ ಜಾಹೀರಾತನ್ನು ಹೈದರಾಬಾದಿನಲ್ಲಿರುವ ನಮ್ಮ ಉತ್ತರ ಕರ್ನಾಟಕದವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಆ ಗುಂಪಿನಲ್ಲಿ ಮುಖ್ಯವಾಗಿ ವಧು-ವರರ ವಿವರಗಳು ಬರುತ್ತಿದ್ದವು. ಅದರ ಪರಿಣಾಮವನ್ನು ನಾವು ಯೋಚಿಸಿರಲಿಲ್ಲ.

ಮುಂದಿನ ಭಾನುವಾರ ಬಂದವರು ಬೇಳೆ ವ್ಯಾಪಾರಿಯ ಕುಟುಂಬ, ಆರು ಜನ. ಮೊದಲೇ ಫೋನ್ ಮಾಡಿ, ರಾಹುಕಾಲ ಕಳೆದ ಮೇಲೆ ಬಂದರು. ನಮ್ಮ ಕಡೆ ಯಾರೇ ಏನೇ ‘ನೋಡಲು’ ಬಂದರೂ ಅದಕ್ಕೊಂದು ಕ್ರಮವಿದೆ, ಕೈಗೆ ಆ ಕ್ರಮ ತಾನಾಗಿಯೇ ಬರುತ್ತದೆ. ಹೆಂಡತಿ ಚುರುಮುರಿ ನೆನೆಸಿ ಸುಸಲಾ ಮಾಡಿದ್ದಳು, ಶಿರಾ ಮಾಡಿದ್ದಳು. ಬಂದವರು ಸೋಫಾದ ಮೇಲೆ ಸಾಲಾಗಿ ಕೂತರು, ಹಿರಿಯರು ನಡುವೆ. ನಾನು ನೋಟ್‌ಬುಕ್ ಓದಿದೆ. ಹುಡುಗಿಯ ಕಡೆಯವರು ವಿನಯಕ್ಕೆ ಹಾಗೆ ಹೇಳುತ್ತಾರೆ ಎಂಬಂತೆ ಅವರು ನಕ್ಕರು. ಆಮೇಲೆ ಹೆಂಡತಿ, ಸ್ನಾನ ಮಾಡಿಸಿ ಕೆಂಪು ರಿಬ್ಬನ್ ಕಟ್ಟಿದ್ದ ನಾಯಿಯನ್ನು ಒಳಮನೆಯಿಂದ ಕರೆತಂದಳು.

ಹನ್ನೆರಡು ಕಣ್ಣು ಅದರ ಮೇಲೆ ಬಿದ್ದವು. ನಾಯಿ ಗೋಡೆಗೆ ಆತುಕೊಂಡು ಗುರ್ ಎಂದಿತು.

“ಒಂದೆರಡ್ ಹೆಜ್ಜಿ ನಡಸ್ರಿ, ನೋಡೂಣು,” ಎಂದರು ಹಿರಿಯರು, ಮುಂದೆ ಬಾಗಿ.

ನಾಯಿ ನಡೆಯಿತು. ನೇರ ಅವರ ಬಳಿಗೇ ಹೋಗಿ ಕಾಲುಚೀಲ ಹಿಡಿಯಿತು. ಕಾಲಿನಿಂದ ಅದನ್ನು ಪೂರ್ತಿ ಎಳೆದುಕೊಂಡು ಮಂಚದ ಕೆಳಗೆ ಹೋಯಿತು. ಆಮೇಲೆ ಅರ್ಧ ಗಂಟೆ ಯಾರೂ ಆ ವಿಷಯ ಎತ್ತಲಿಲ್ಲ. ಹಿರಿಯರು ಒಂದು ಬರಿಗಾಲನ್ನು ಇನ್ನೊಂದರ ಮೇಲೆ ಇಟ್ಟುಕೊಂಡು ಎರಡನೆಯ ತಟ್ಟೆ ಸುಸಲಾ ಮುಗಿಸಿದರು. ಎದ್ದು ಹೊರಡುವಾಗ, “ಮನ್ಯಾಗ ವಿಚಾರ ಮಾಡಿ ತಿಳಸ್ತೀವ್ರಿ,” ಎಂದರು.

ಉಪ್ಪು ತಿಂದ ಮನೆಯಲ್ಲಿ ಬೇಡ ಎನ್ನುವುದು ನಮ್ಮಲ್ಲಿ ಇಲ್ಲ. ಹಾಗಾಗಿ, ಕಾಲುಚೀಲ ಕಳೆದುಕೊಂಡವರ ಒಪ್ಪಿಗೆಗಾಗಿ ನಾವು ಮೂರು ದಿನ ಕಾದೆವು. ಇಬ್ಬರಿಗೂ ಉತ್ತರ ಗೊತ್ತಿತ್ತು. ಆದರೂ ಫೋನ್ ಬಂದಾಗಲೆಲ್ಲ ಹೆಂಡತಿ ಕೈ ಒರೆಸಿಕೊಂಡು ಬರುತ್ತಿದ್ದಳು. ಆ ವಾರ ಇನ್ನೂ ಎರಡು ಮನೆತನದವರು ಬಂದರು, ತಿಂದರು, ವಿಚಾರ ಮಾಡಿ ತಿಳಿಸುವುದಾಗಿ ಹೋದರು. ನೋಟ್‌ಬುಕ್ಕಿನಲ್ಲಿ ಎರಡು ಪುಟ ತುಂಬಿತು. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು.

ನಿಜವಾದ ಕಾರಣ ಸಿಕ್ಕಿದ್ದು ಒಂದು ಬೆಳಿಗ್ಗೆ. ನಾನು ಪೇಪರ್ ಓದುವಾಗ ಆ ನಾಯಿ ಬಂದು ನನ್ನ ಕಾಲ ಬಳಿ ಮಲಗುತ್ತಿತ್ತು. ನನ್ನ ಮೇಲೆ ವಿಶೇಷ ಪ್ರೀತಿ ಎಂದುಕೊಂಡಿದ್ದೆ. ಅಂದು ಪೇಪರ್ ಕೆಳಗಿಳಿಸಿ ಅದನ್ನೇ ನೋಡಿದೆ. ಮರುಕ್ಷಣ ಸಂಪಾದಕೀಯ ಪುಟ ಎರಡಾಯಿತು. ಪೇಪರ್ ಮತ್ತೆ ಎತ್ತಿ ಹಿಡಿದೆ, ಮಲಗಿತು. ಇಳಿಸಿದೆ, ಗುರ್ ಎಂದಿತು. ಐದು ಸಲ ಪರೀಕ್ಷಿಸಿದೆ. ನೋಟ್‌ಬುಕ್ ತೆಗೆದು ಹಿಂದಿನದನ್ನೆಲ್ಲ ಓದಿದೆ. ಹೆಲ್ಮೆಟ್ ಅಲ್ಲ, ಚೀಲವೂ ಅಲ್ಲ. ಎಲ್ಲರೂ ಅದನ್ನು ನೋಡಿದ್ದರು. ಹೆಂಡತಿಯನ್ನು ಅದು ಮುಟ್ಟಿರಲಿಲ್ಲ, ಏಕೆಂದರೆ ಅವಳು ಅದರ ಜೊತೆ ಮಾತಾಡುತ್ತಿದ್ದುದು ಬೆನ್ನು ತಿರುಗಿಸಿ ತರಕಾರಿ ಹೆಚ್ಚುವಾಗ. ಕಣ್ಣಿಟ್ಟು ನೋಡುವುದನ್ನು ಸಹಿಸದ ಜೀವವನ್ನು ನಾವು ಸಿಂಗರಿಸಿ, ಸಾಲಾಗಿ ಕೂತವರ ಮುಂದೆ ನಿಲ್ಲಿಸಿದ್ದೆವು.

ಅಂದೇ ಗುಂಪಿಗೆ ಹೊಸ ಒಕ್ಕಣೆ ಹೋಯಿತು: ನೋಡದೆ ಇರಬಲ್ಲವರು ಮಾತ್ರ ಬರಬೇಕು.

ಆರು ದಿನ ಯಾರೂ ಬರಲಿಲ್ಲ. ಏಳನೆಯ ದಿನ ಶಂಶಾಬಾದ್‌ನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಯಾದಗಿರಿ ಕಡೆಯವಳು, ಗಂಡ ಮೊದಲು ಗಾರೆ ಕೆಲಸದಲ್ಲಿದ್ದು ಈಗ ವಿಮಾನ ನಿಲ್ದಾಣದಲ್ಲಿ ಸರಕು ಹೊರುತ್ತಿದ್ದ. ಅವಳದು ಮಗ್ಗಂ ಕೆಲಸ, ಅಂದರೆ ಮರದ ಚೌಕಟ್ಟಿಗೆ ರವಿಕೆ ಬಟ್ಟೆ ಬಿಗಿದು ಜರಿ, ಮಣಿ ಹೊಲಿಯುವ ಕಸೂತಿ. ದಿನವೆಲ್ಲ ಒಬ್ಬಳೇ ಕೂತಿರುತ್ತೇನೆ, ಕಾಲ ಬಳಿ ಒಂದು ಜೀವ ಇದ್ದರೆ ಚೆನ್ನ ಅನಿಸಿದೆ ಎಂದಳು. ಆಮೇಲೆ ಕೇಳಿದಳು: “ನೋಡಬಾರ್ದು ಅಂದ್ರ, ನೋಡಾಕ ಯಾಕ ಬರಬೇಕ್ರಿ?”

“ಬರ್ರಿ. ಸುಸಲಾ ತಿಂದು ಹೋಗೂರಂತ,” ಎಂದಳು ಹೆಂಡತಿ.

ಗಂಡ ಹೆಂಡತಿ ಇಬ್ಬರೂ ಬಂದರು. ಅವನು ಸೋಫಾದಲ್ಲಿ ಕೂತು ಮೇಲಿನ ಫ್ಯಾನ್ ನೋಡತೊಡಗಿದ. ಅವಳು ನೆಲದ ಮೇಲೆ ಕೂತು, ಮಡಿಲಲ್ಲಿದ್ದ ತಾಂಬೂಲದ ಚೀಲದ ದಾರ ಬಿಚ್ಚುತ್ತ ಆ ದಾರವನ್ನೇ ನೋಡುತ್ತಿದ್ದಳು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಮಗೆ ಬೆನ್ನು ಮಾಡಿ ನಿಂತಳು. ನಾನು ಪೇಪರಿನ ಹಿಂದಿನಿಂದ ನೋಟ್‌ಬುಕ್ ಓದಿದೆ. ಅವರು ನಗಲಿಲ್ಲ. ಪ್ರತಿ ಘಟನೆಗೂ ಗಂಡ ಫ್ಯಾನಿಗೆ ತಲೆಯಾಡಿಸಿರಬೇಕು. ಹೂಂ ಎನ್ನುವುದು ಕೇಳುತ್ತಿತ್ತು. ಆಮೇಲೆ ನಾಲ್ವರೂ ನಾಲ್ಕು ದಿಕ್ಕಿಗೆ ಮುಖ ಮಾಡಿ ಮಣಿಗಳ ಬಗ್ಗೆ, ಶಂಶಾಬಾದ್‌ನಲ್ಲಿ ಏಳುತ್ತಿರುವ ಕಟ್ಟಡಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆವು. ಹೊರಗಿನವರು ಕಂಡಿದ್ದರೆ ನಮ್ಮೊಳಗೆ ದೊಡ್ಡ ಜಗಳವಾಗಿದೆ ಎಂದುಕೊಳ್ಳುತ್ತಿದ್ದರು.

ಮಂಚದ ಕೆಳಗಿಂದ ಉಗುರಿನ ಸದ್ದು ಬಂತು. ಮುಂದೆ ನಡೆದದ್ದಕ್ಕೆ ನಾನು ಪ್ರತ್ಯಕ್ಷಸಾಕ್ಷಿಯಲ್ಲ. ಕೇಳಿಸಿಕೊಂಡದ್ದನ್ನಷ್ಟೇ ಬರೆಯುತ್ತಿದ್ದೇನೆ.

“ಕಾಲ ಮ್ಯಾಲ ಏನೋ ಕುಂತೈತ್ರಿ,” ಎಂದಳು ಬಂದವಳು.

“ಅದೇ ಇರ್ಬೇಕ್ರಿ,” ಎಂದಳು ನನ್ನ ಹೆಂಡತಿ, ತಿರುಗದೆ.

“ಭಾಳ ಬೆಚ್ಚಗೈತಿ. ಬಣ್ಣ ಯಾವುದ್ರಿ?”

“ಕಂದು. ಒಂದು ಕಿವಿ ಹರದೈತಿ.”

“ಇರ್ಲಿ ಬಿಡ್ರಿ.”

“ಹಂಗಾರ ಒಯ್ಯೂಣೇನು?” ಎಂದ ಗಂಡ.

“ಒಯ್ಯೂದೇ. ಆದ್ರ ಈಗ ಎಬ್ಬಸೂದು ಹೆಂಗ?”

ಅದು ತಾನಾಗಿ ಏಳಲು ಇನ್ನೂ ಅರ್ಧ ಗಂಟೆ ಹಿಡಿಯಿತು. ತರಕಾರಿ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಬಟ್ಟೆ ಮುಚ್ಚಿ, ಪಶುವೈದ್ಯರು ಬರೆದುಕೊಟ್ಟಿದ್ದ ಸೂಜಿಯ ಕಾರ್ಡು ಕೊಟ್ಟು ಕಳಿಸಿದೆವು. ಹಿಂದೆ ತಿರುಗಿ ನೋಡಬಾರದೆಂದು ಆಟೊದವನಿಗೆ ಹಿಂದಿಯಲ್ಲಿ ಹೇಳಿದೆ. ಬುಟ್ಟಿಯಲ್ಲಿ ಏನಿದೆ ಎಂದು ಅವನು ಕೇಳಲಿಲ್ಲ, ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಕೊಂಡ. ವಿಚಾರ ಮಾಡಿ ತಿಳಿಸುತ್ತೇವೆ ಎಂಬ ಮಾತು ಆ ಗಂಡ ಹೆಂಡತಿಯ ಬಾಯಿಂದ ಬರಲಿಲ್ಲ ಎನ್ನುವುದನ್ನು ನನ್ನ ಹೆಂಡತಿ ಸಂಜೆ ಎರಡು ಸಲ ನೆನಪಿಸಿದಳು.

ಮೊದಲ ದಿನ ಕಳೆಯಿತು. ಮೂರನೆಯ ದಿನವೂ ಕಳೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಶಂಶಾಬಾದ್‌ನಿಂದ ಫೋನ್ ಬಂತು. ಹೆಂಡತಿ ಪರದೆಯ ಮೇಲಿನ ನಂಬರ್ ನೋಡಿ ಫೋನನ್ನು ನನ್ನ ಕಡೆ ತಳ್ಳಿದಳು.

ನಾಯಿ ಕಚ್ಚಿತ್ತು. ಈ ಸಲ ಬಟ್ಟೆಯಲ್ಲ, ಬೆರಳು. ಊರಿಂದ ಬಂದಿದ್ದ ಅವಳ ಮೈದುನ ಮಗ್ಗದ ಚೌಕಟ್ಟಿನ ಕೆಳಗೆ ಬಗ್ಗಿ ನೋಡಿದ್ದ. ಗಾಯ ತೊಳೆದು, ಸೂಜಿ ಹಾಕಿಸಲು ಅವನನ್ನು ದವಾಖಾನೆಗೆ ಕರೆದೊಯ್ದಿದ್ದರು. ನಾನು ವೇಳೆ ಕೇಳಿದೆ, ಎಡಗೈಯೋ ಬಲಗೈಯೋ ಕೇಳಿದೆ, ಬರೆದುಕೊಂಡೆ. ಆಮೇಲೆ, ಮಧ್ಯಾಹ್ನದೊಳಗೆ ಬಂದು ನಾಯಿಯನ್ನು ಕರೆದುಕೊಂಡು ಹೋಗುತ್ತೇವೆ ಎಂದೆ.

“ಯಾಕ್ರಿ?” ಎಂದಳು ಅವಳು. “ಬಗ್ಗಿ ನೋಡಬ್ಯಾಡ ಅಂತ ಮೂರ್ ಸಲ ಹೇಳೀನಿ ಅವಂಗ. ತಪ್ಪು ಅವಂದೈತಿ. ನಾಯಿಗೆ ಸೂಜಿ ಹಾಕ್ಸಿದ ತಾರೀಕು ದವಾಖಾನ್ಯಾಗ ಕೇಳಾಕತ್ತಾರ, ಕಾರ್ಡಿನ್ಯಾಗಿಂದು ಓದಾಕ ಬರವಲ್ದು. ಅದನ್ನಷ್ಟು ಹೇಳ್ರಿ.”

ಹೇಳಿದೆ. ಕೈಯಲ್ಲಿ ಕೆಲಸವಿದೆ ಎಂದು ಅವಳು ಫೋನ್ ಇಟ್ಟಳು.

ಏನಂದಳು ಎಂದು ಹೆಂಡತಿ ಕೇಳಿದಳು. ನಾನು ಸಾರಾಂಶ ಹೇಳಲು ಹೊರಟೆ. ಸಾರಾಂಶ ಬೇಡ, ಅವಳು ಅಂದದ್ದು ಅಂದಹಾಗೆಯೇ ಬೇಕು ಎಂದಳು. ನೋಟ್‌ಬುಕ್ಕಿನಿಂದ ಓದಿದೆ. ‘ತಪ್ಪು ಅವಂದೈತಿ’ ಎಂಬಲ್ಲಿಗೆ ಬಂದಾಗ ತಡೆದು, ಅದನ್ನು ಇನ್ನೊಮ್ಮೆ ಓದಿಸಿದಳು.