ಪದ್ಮರಾಜರ ಜಾವಾ ಮತ್ತು ಶೀಲಾವತಿಯವರ ಸಂಜೆಯೂಟ

ಹೊಸನಗರದ ಪದ್ಮರಾಜರನ್ನು ಮಹಾ ಉಪವಾಸಿಗಳೆಂದು ನಂಬಿದ್ದವರು ಆ ಪೇಟೆಯಲ್ಲಿ ಬಹಳ ಮಂದಿ ಇದ್ದರು. ಬಸದಿಯ ಸಭೆಯಲ್ಲಿ ಅವರಿಗೆ ಶಾಲು ಹೊದಿಸಿ ‘ತಪೋಭೂಷಣ’ ಎಂದು ಕರೆದದ್ದೂ ಸುಳ್ಳಲ್ಲ. ಆದರೆ ಅವರ ಉಪವಾಸಗಳಲ್ಲಿ ಮುಕ್ಕಾಲು ಪಾಲು ಒಂದು ಮೋಟಾರು ಸೈಕಲ್ಲಿನ ಕೃಪೆಯಿಂದ ಒದಗಿದಂಥವು ಎಂಬುದು ಊರಿನವರಿಗೆ ತಿಳಿದಿರಲಿಲ್ಲ. ತಿಳಿದಿದ್ದವರು ಅವರ ಧರ್ಮಪತ್ನಿ ಶೀಲಾವತಿ. ಪ್ರತಿಯೊಂದು ಉಪವಾಸದಲ್ಲೂ ಆಕೆಗೆ ಸಮಪಾಲು ಸಂದಿತ್ತು. ಶಾಲಿನಲ್ಲಿ ಮಾತ್ರ ಪಾಲಿರಲಿಲ್ಲ.

ಗಾಡಿ ಮನೆಗೆ ಬಂದದ್ದು ೧೯೭೨ರಲ್ಲಿ. ಪದ್ಮರಾಜರದು ಮೈಲುತುತ್ತದ ವ್ಯಾಪಾರ. ಅಡಿಕೆಗೆ ಕೊಳೆರೋಗ ತಗುಲದಂತೆ ಸಿಂಪಡಿಸುವ ಈ ನೀಲಿ ಹರಳನ್ನೂ ಅದನ್ನು ಹೊಡೆಯುವ ಪಂಪುಗಳನ್ನೂ ಅವರು ಸಾಗರದಿಂದ ತೀರ್ಥಹಳ್ಳಿಯವರೆಗೆ ತಿರುಗಿ ಮಾರುತ್ತಿದ್ದರು. ಲಿಂಗನಮಕ್ಕಿಯ ಕೆಲಸ ಮುಗಿಸಿ ಊರಿಗೆ ಮರಳುತ್ತಿದ್ದ ಓವರ್‌ಸಿಯರ್ ಒಬ್ಬರು ತಮ್ಮ ಗಾಡಿಯನ್ನು ಇವರಿಗೆ ದಾಟಿಸಿ ಹೋದರು. ಅದು ಯೆಜ್ದಿಯೆಂದು ಕೆಲವರು ಹೇಳುವುದುಂಟು, ತಪ್ಪು. ಬಣ್ಣ ಕಪ್ಪೆಂದೂ ಹೇಳುತ್ತಾರೆ, ಅದೂ ತಪ್ಪು. ಅದು ಅರವತ್ತನಾಲ್ಕನೆಯ ಇಸವಿಯ ಜಾವಾ, ಬಣ್ಣ ಕಡುಗೆಂಪು, ಟ್ಯಾಂಕಿನ ಎರಡು ಮಗ್ಗುಲಲ್ಲೂ ಬೆಳ್ಳಿಯ ಹೊಳಪು. ಕಿಕ್ ಹೊಡೆಯುವ ಸಲಾಕೆಯನ್ನೇ ಮುಂದಕ್ಕೆ ಮಡಿಸಿದರೆ ಗೇರು ಬದಲಿಸುವ ಸಲಾಕೆಯಾಗುತ್ತಿತ್ತು. ಈ ಸೋಜಿಗವನ್ನು ಪದ್ಮರಾಜರು ಮನೆಗೆ ಬಂದ ನೆಂಟರಿಗೆಲ್ಲ ನೀರು ಕೊಡುವ ಮೊದಲೇ ತೋರಿಸುತ್ತಿದ್ದರು.

ಜಾವಾಕ್ಕೆ ಜಗಲಿಯ ಮೇಲೆ ಜಾಗವಾಯಿತು. ಅಲ್ಲಿದ್ದ ಅಕ್ಕಿಮೂಟೆಗಳು ಶೀಲಾವತಿಯವರ ಹಾಸಿಗೆಯ ಪಕ್ಕಕ್ಕೆ ಬಂದವು. ದಿನವೂ ಬೆಳಿಗ್ಗೆ ಮಲ್ಲುಪಂಚೆಯ ತುಂಡಿನಿಂದ ಅದರ ಮೈ ಒರೆಸುವ ಕಾರ್ಯಕ್ರಮ ನಡೆಯುತ್ತಿತ್ತು. ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಿ ಹಾಕಬೇಕಾದ ಗಾಡಿ ಅದು. ಎಷ್ಟು ಬೆರೆಸಬೇಕೆಂಬುದನ್ನು ತಯಾರಿಸಿದವರು ಸ್ಪಷ್ಟವಾಗಿಯೇ ಹೇಳಿದ್ದರು. ಆದ್ದರಿಂದ ಮುಂದೆ ಆದುದಕ್ಕೆಲ್ಲ ಅವರನ್ನು ದೂರುವುದು ಅನ್ಯಾಯ. ಪದ್ಮರಾಜರ ಮಮತೆ ಆ ಅಳತೆಯೊಳಗೆ ನಿಲ್ಲಲಿಲ್ಲ. “ಪಾಪ, ದುಡಿಯೋ ಜೀವ” ಎಂದು ಪ್ರತಿಸಲವೂ ಇನ್ನೊಂದಿಷ್ಟು ಎಣ್ಣೆ ಸುರಿಯುತ್ತಿದ್ದರು. ಜೀರ್ಣವಾಗದ ಎಣ್ಣೆ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿಗೆ ಮಸಿಯಾಗಿ ಮೆತ್ತಿಕೊಳ್ಳುತ್ತಿತ್ತು. ಗಾಡಿ ಕೆಮ್ಮಿ, ಬಿಳಿ ಹೊಗೆಯುಗುಳಿ, ಮನುಷ್ಯರ ಸುಳಿವಿಲ್ಲದ ಜಾಗವನ್ನೇ ಆರಿಸಿ ನಿಲ್ಲುತ್ತಿತ್ತು.

ಸಾಗರದ ಮೆಕ್ಯಾನಿಕ್ ಜಟ್ಟಿಂಗಪ್ಪ ಒಮ್ಮೆ ಹೇಳಿಯೇ ಹೇಳಿದ.

“ಎಣ್ಣೆ ಕಮ್ಮಿ ಮಾಡಿ ಸ್ವಾಮಿ. ಇದು ಗಾಡಿ, ಬಾಣಂತಿ ಅಲ್ಲ.”

“ನೀನು ಗಾಡಿ ರಿಪೇರಿ ಮಾಡೋನು ಮಾರಾಯ, ನಾನು ಸಾಕೋನು. ನಿನಗೆ ಗೊತ್ತಾಗಲ್ಲ” ಎಂದು ಪದ್ಮರಾಜರು ಅವನ ಎದುರಿಗೇ ಮತ್ತೆ ಎಣ್ಣೆ ಸುರಿದರು.

ಇದು ಬರಿಯ ದಾರಿಯ ಕಷ್ಟವಾಗಿದ್ದರೆ ಯಾರೂ ಚಿಂತಿಸಬೇಕಾಗಿರಲಿಲ್ಲ. ಆದರೆ ಜೈನರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಪದ್ಮರಾಜರು ಹೋಟೆಲುಗಳಲ್ಲಿ ಕೈತೊಳೆಯುತ್ತಿದ್ದವರೂ ಅಲ್ಲ. ಬೆಳಕಿರುವಾಗ ಮನೆ ಸೇರಿದರೆ ಊಟ, ಇಲ್ಲವಾದರೆ ಇಲ್ಲ. ಇದರ ಮೇಲೆ ಅವರ ತಾಯಿ ಜಿನಮ್ಮನವರು ಮನೆಗೆ ವಿಧಿಸಿದ್ದ ಇನ್ನೊಂದು ನಿಯಮವಿತ್ತು: ಸೊಸೆಯಾದವಳು ಗಂಡ ಉಂಡಮೇಲೆ ಉಣ್ಣತಕ್ಕದ್ದು. ಹೀಗಾಗಿ ಬಟ್ಟೆಮಲ್ಲಪ್ಪದ ಇಳಿಜಾರಿನಲ್ಲಿ ಪ್ಲಗ್ಗಿಗೆ ಮಸಿ ಹಿಡಿದರೆ ಹೊಸನಗರದಲ್ಲಿ ಶೀಲಾವತಿಯವರ ತಟ್ಟೆ ಕವುಚಿಕೊಳ್ಳುತ್ತಿತ್ತು.

ಜಿನಮ್ಮನವರು ಮಾತ್ರ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು. ಆಷಾಢದಲ್ಲಿ ಸೂರ್ಯನೇ ಕಾಣದ ದಿನಗಳಲ್ಲಿ ಸೂರ್ಯಾಸ್ತವನ್ನು ನಿರ್ಣಯಿಸುವ ಅಧಿಕಾರವೂ ಅವರದೇ. ಅವರು ಉಂಡು ಕೈತೊಳೆದ ಗಳಿಗೆಯೇ ಆ ಮನೆಯಲ್ಲಿ ಸೂರ್ಯಾಸ್ತವೆಂದು ನಿಗದಿಯಾಗಿತ್ತು.

“ಗಾಡಿ ಶಬ್ದ ಕೇಳ್ತಾ ಉಂಟು ಅತ್ತೆ. ಸೇತುವೆ ಹತ್ರ ಬಂದಿರಬೇಕು. ಇನ್ನೂ ಸ್ವಲ್ಪ ಬೆಳಕಿದೆಯಲ್ಲಾ?”

“ಎಲ್ಲಿದೆ ಬೆಳಕು? ಹೊತ್ತು ಮುಳುಗಿ ಆಯ್ತು. ಪಾತ್ರೆ ಮುಚ್ಚಿಡು.”

ಶೀಲಾವತಿ ಪಾತ್ರೆ ಮುಚ್ಚಿಡುತ್ತಿದ್ದರು. ಕೈಯೆಲ್ಲ ಮಸಿಯಾಗಿ ಬಂದ ಗಂಡ ಮೊದಲು ಗಾಡಿಯ ಮೈ ಒರೆಸಿ, ಆಮೇಲೆ ತಮ್ಮ ಮುಖ ಒರೆಸಿಕೊಳ್ಳುತ್ತಿದ್ದರು. ಗಾಡಿ ಕೆಟ್ಟಿತೆಂಬ ಮಾತು ಅವರ ಬಾಯಿಂದ ಒಂದು ದಿನವೂ ಬರಲಿಲ್ಲ. ‘ಗಾಡಿ ಸ್ವಲ್ಪ ಸುಧಾರಿಸಿಕೊಳ್ತು’ ಎನ್ನುವುದಕ್ಕಿಂತ ಕಠಿಣವಾದ ಮಾತನ್ನು ಅದರ ವಿಷಯದಲ್ಲಿ ಅವರು ಆಡಿದವರೇ ಅಲ್ಲ.

ಶೀಲಾವತಿಯವರು ಆ ಗಾಡಿಯ ಮೇಲೆ ಕುಳಿತದ್ದು ಒಂದೇ ಸಲ, ತೀರ್ಥಹಳ್ಳಿಯ ಒಂದು ಮದುವೆಗೆ ಹೋಗುವಾಗ. ಕೋಣಂದೂರು ದಾಟಿದ ಮೇಲೆ ಜಾವಾ ಸುಧಾರಿಸಿಕೊಳ್ಳತೊಡಗಿತು. ಪದ್ಮರಾಜರು ಹ್ಯಾಂಡಲ್ ಹಿಡಿದರು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳಿದವರು ಶೀಲಾವತಿ. ಧಾರೆ ಮುಗಿದ ಮೇಲೆ ಚಪ್ಪರದ ಬಾಗಿಲಿಗೆ ಬಂದ ಅವರ ಕೆಸರು ಮೆತ್ತಿದ ಪಾದಗಳನ್ನು ಕಂಡು ಮದುವೆಮನೆಯವರು ಗಾಬರಿಯಾದರು. “ಇವಳಿಗೆ ನಡೆಯೋದಂದ್ರೆ ಇಷ್ಟ. ಬೇಡ ಅಂದ್ರೂ ಇಳಿದುಬಿಟ್ಲು” ಎಂದರು ಪದ್ಮರಾಜರು. ಅಷ್ಟು ಜನರ ಎದುರು ಗಂಡನನ್ನು ಸುಳ್ಳುಗಾರನೆನ್ನುವುದು ಶೀಲಾವತಿಯವರಿಂದ ಆಗಲಿಲ್ಲ. ಅಂದಿನಿಂದ ಅವರು ಎಲ್ಲಿಗೆ ಹೋದರೂ ಬಸ್ಸು ಹಿಡಿದರು.

ಉಪವಾಸದ ಕೀರ್ತಿ ಮೊಳೆತದ್ದು ಎಪ್ಪತ್ತೇಳರ ಮಾಗಿಯಲ್ಲಿ. ಅಡಿಕೆ ವ್ಯಾಪಾರಿಯೂ ಬಸದಿ ಸಮಿತಿಯ ಅಧ್ಯಕ್ಷರೂ ಆಗಿದ್ದ ಪಾರ್ಶ್ವರಾಜರು ಸಂಜೆ ಕಾರಿನಲ್ಲಿ ಆನಂದಪುರದ ಕಡೆಯಿಂದ ಬರುತ್ತಿದ್ದಾಗ, ರಸ್ತೆಯ ಬದಿಯಲ್ಲಿ ಜಾವಾದ ಎದುರು ಕುಕ್ಕರಗಾಲಲ್ಲಿ ಕುಳಿತ ಪದ್ಮರಾಜರನ್ನು ಕಂಡು ಕಾರು ನಿಲ್ಲಿಸಿದರು.

“ಎಂತ ಪದ್ಮರಾಜ್ರೇ, ಗಾಡಿ ಕೆಟ್ಟಿತಾ? ಬನ್ನಿ ಬನ್ನಿ, ಹತ್ತಿ. ಈಗ ಹೊರಟರೆ ಊಟಕ್ಕಾದ್ರೂ ಸಿಗ್ತೀರಿ.”

“ಗಾಡಿಗೆ ಎಂತ ಆಗಿದೆ? ನನಗೆ ಇವತ್ತು ಉಪವಾಸ. ಅವಸರ ಇಲ್ಲ ಅಂತ ತಂಪಿಗೆ ಕೂತಿದ್ದೆ.”

“ಕೈಯಲ್ಲಿ ಎಂತದದು?”

“ಪ್ಲಗ್ಗು. ಸುಮ್ನೆ ನೋಡ್ತಿದ್ದೆ.”

ಪಾರ್ಶ್ವರಾಜರು ಅಡಿಕೆಯನ್ನು ಕತ್ತರಿಸದೆಯೇ ಒಳಗಿನ ಹುಳುಕು ಹೇಳಬಲ್ಲವರೆಂದು ಪ್ರಸಿದ್ಧರು. ಮನುಷ್ಯರ ವಿಷಯದಲ್ಲಿ ಆ ಜಾಣತನ ನಡೆಯಲಿಲ್ಲ. ವನದ ನಡುವೆ ಏಕಾಂತವಾಗಿ ಕುಳಿತ ಉಪವಾಸಿಯ ವರ್ಣನೆಯನ್ನು ಅವರು ಮರುದಿನವೇ ಬಸದಿಯಲ್ಲಿ ಮಾಡಿದರು. ಆಮೇಲೆ ಕೇಳಬೇಕೆ? ಕತ್ತಲಾದ ಮೇಲೆ ಪದ್ಮರಾಜರು ಗಾಡಿ ತಳ್ಳಿಕೊಂಡು ಪೇಟೆಯಲ್ಲಿ ಹಾದರೆ, ಉಪವಾಸದ ದಿನ ಅವರು ವಾಹನವನ್ನೂ ಏರುವುದಿಲ್ಲವೆಂದು ಜನ ಮಾತಾಡಿಕೊಂಡರು. ಪದ್ಮರಾಜರು ಯಾವುದನ್ನೂ ಅಲ್ಲಗಳೆಯಲಿಲ್ಲ. ಬಸದಿಯಲ್ಲಿ ಹೆಂಗಸರು, “ನಿಮ್ಮ ಯಜಮಾನ್ರು ಎಂಥ ತಪಸ್ವಿ! ಪುಣ್ಯ ಮಾಡಿದ್ರಿ ಬಿಡಿ” ಎನ್ನುವಾಗ ಶೀಲಾವತಿಯವರ ಹೊಟ್ಟೆ ಹಿಂದಿನ ಸಂಜೆ ತಪ್ಪಿದ ಊಟವನ್ನು ನೆನೆದು ಗುರುಗುಟ್ಟುತ್ತಿತ್ತು.

ವರ್ಷಗಳು ಹೀಗೆ ಸಂದವು. ೧೯೮೫ರ ಭಾದ್ರಪದದಲ್ಲಿ ಪಾರ್ಶ್ವರಾಜರು ಸ್ವತಃ ಮನೆಗೆ ಬಂದರು. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ತಪಸ್ಸಿಗೆ ಮೀಸಲಾದ ದಿನ ಪದ್ಮರಾಜರಿಗೆ ಸನ್ಮಾನ ಮಾಡುವುದೆಂದು ಸಮಿತಿ ತೀರ್ಮಾನಿಸಿತ್ತು.

“ಶಾಲು ಹೊದಿಸಿ ಕಳಿಸಿದ್ರೆ ಏನು ಚಂದ? ದಂಪತಿಗಳಿಬ್ಬರೂ ಸಭೆಯಲ್ಲಿ ಏಕಭುಕ್ತದ ನಿಯಮ ತಗೊಳ್ಳಿ. ಬದುಕಿರೋವರೆಗೆ ಮಧ್ಯಾಹ್ನ ಒಂದೇ ಊಟ. ನಿಮಗೆ ಅದೇನು ಹೊಸತಲ್ಲವಲ್ಲ!”

ಪದ್ಮರಾಜರ ಮುಖ ಅರಳಿತು. ಸಂಜೆ ಊಟವೇ ಇಲ್ಲವೆಂದಾದರೆ ಗಾಡಿ ಎಷ್ಟು ಹೊತ್ತಿಗೆ ಬಂದರೂ ಯಾರೂ ಅದರತ್ತ ಬೆರಳು ತೋರಿಸುವಂತಿರಲಿಲ್ಲ. ಅಡುಗೆಮನೆಯಲ್ಲಿ ಶೀಲಾವತಿಯವರ ಕೈಯ ಸೌಟು ನಿಂತಿತು. ಇದುವರೆಗೆ ಗಾಡಿ ನಿಲ್ಲದ ದಿನವಾದರೂ ಸಂಜೆ ಅನ್ನ ಸಿಗುತ್ತಿತ್ತು. ಇನ್ನು ಅದೂ ಇಲ್ಲ.

ಅತಿಥಿಗಳು ಹೋದ ಮೇಲೆ ಆಕೆ ಜಗಲಿಗೆ ಬಂದು ನಿಂತರು.

“ಈ ಗಾಡಿ ಮಾರಿ. ಇಲ್ಲ, ಎಣ್ಣೆನಾದ್ರೂ ಕಮ್ಮಿ ಹಾಕಿ. ಎರಡೂ ಆಗಲ್ಲ ಅಂದ್ರೆ ಸಭೆಯಲ್ಲಿ ಇದ್ದದ್ದು ಹೇಳಿ. ನಾನು ನಿಯಮ ತಗೊಳ್ಳಲ್ಲ.”

“ಗಾಡಿ ಮಾತು ಇದರಲ್ಲಿ ಯಾಕೆ ಬಂತು?” ಪದ್ಮರಾಜರು ಟ್ಯಾಂಕಿನ ಮೇಲಿನ ಧೂಳನ್ನು ಊದಿದರು. “ಇಷ್ಟು ವರ್ಷದಲ್ಲಿ ನಿನಗೂ ಅಭ್ಯಾಸ ಆಗಿದೆಯಲ್ಲ.”

“ಸುಮ್ಮನಿರೋದು ಅಭ್ಯಾಸ ಆಗಿತ್ತು. ಹಸಿವು ಇವತ್ತಿಗೂ ಆಗಿಲ್ಲ.”

ಸಭೆಯ ದಿನ ಬಸದಿಯ ಅಂಗಳ ತುಂಬಿತ್ತು. ಪಾರ್ಶ್ವರಾಜರು ವನದ ಏಕಾಂತವನ್ನು ಮತ್ತೊಮ್ಮೆ ವರ್ಣಿಸಿದರು; ಈ ಸಲ ಅದರಲ್ಲಿ ಒಂದು ಜಿಂಕೆಯೂ ಸೇರಿಕೊಂಡಿತ್ತು. ಶಾಲು ಹೊದಿಸಿದ್ದಾಯಿತು. ಪುರೋಹಿತರು ನಿಯಮ ಕೊಡಲು ದಂಪತಿಗಳನ್ನು ಮುಂದಕ್ಕೆ ಕರೆದರು.

“ನಿಯಮ ಅವರು ತಗೊಳ್ಳಲಿ. ನನಗೆ ಬೇಡ” ಎಂದರು ಶೀಲಾವತಿ. ಸ್ವರ ಎತ್ತರದ್ದಲ್ಲದಿದ್ದರೂ ಅಂಗಳದ ಕೊನೆಯವರೆಗೆ ಕೇಳಿತು.

“ಯಾಕಮ್ಮಾ? ಇಷ್ಟು ವರ್ಷ ಅವರ ಜೊತೆಗೇ ಮಾಡಿಕೊಂಡು ಬಂದಿದ್ದೀರಿ” ಎಂದು ಪಾರ್ಶ್ವರಾಜರು ಬೆರಗಾದರು.

“ಆ ಉಪವಾಸ ನಾವು ಮಾಡಿದ್ದಲ್ಲ, ಗಾಡಿ ಮಾಡಿಸಿದ್ದು. ಅದು ದಾರೀಲಿ ನಿಲ್ತಿತ್ತೋ ಇಲ್ವೋ, ಇವರನ್ನೇ ಕೇಳಿ. ನಿಲ್ತಿತ್ತು ಅಂದ್ರೆ ಇಬ್ಬರಿಗೂ ಈ ನಿಯಮ ಬೇಡ. ನಾಳೆಯಿಂದ ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ತೀವಿ.”

ಹೆಂಡತಿ ತೆರೆದಿಟ್ಟದ್ದು ಒಳ್ಳೆಯ ಬಾಗಿಲೇ ಆಗಿತ್ತು. ಒಂದು ಮಾತು ಒಪ್ಪಿದ್ದರೆ ಜನ ನಕ್ಕು ಮರೆಯುತ್ತಿದ್ದರು. ಇಬ್ಬರಿಗೂ ಅನ್ನ ಉಳಿಯುತ್ತಿತ್ತು. ಪದ್ಮರಾಜರು ಬಸದಿಯ ಹೊರಗೆ ನಿಲ್ಲಿಸಿದ್ದ ಜಾವಾದ ಕಡೆ ನೋಡಿದರು. ಹೊಸದಾಗಿ ಒರೆಸಿದ್ದ ಟ್ಯಾಂಕು ಬಿಸಿಲಿಗೆ ಮಿನುಗುತ್ತಿತ್ತು.

“ನನ್ನ ಗಾಡಿ ಇವತ್ತಿನವರೆಗೆ ದಾರಿಯಲ್ಲಿ ಒಂದು ಗಳಿಗೆಯೂ ನಿಂತಿಲ್ಲ” ಎಂದು ಅವರು ಗಟ್ಟಿಯಾಗಿ ಘೋಷಿಸಿದರು. “ನಿಯಮ ಕೊಡಿ.”

ಪರ್ವದಲ್ಲಿ ಸತ್ಯಕ್ಕೆ ಮೀಸಲಾದ ದಿನ ಎರಡು ದಿನ ಹಿಂದೆಯೇ ಕಳೆದಿತ್ತು ಎಂಬುದನ್ನು ಅವರ ಪರವಾಗಿ ಇಲ್ಲಿ ನಮೂದಿಸುವುದು ನ್ಯಾಯ. ಪುರೋಹಿತರು ನಿಯಮ ಕೊಟ್ಟರು. ಹೆಂಡತಿಯ ಬಳಲಿಕೆಗಾಗಲಿ, ಸ್ವಂತ ಹೊಟ್ಟೆಗಾಗಲಿ ಬಗ್ಗದ ಮನುಷ್ಯ ಒಂದು ಮೋಟಾರು ಸೈಕಲ್ಲಿನ ಮಾನಕ್ಕಾಗಿ ಜೀವಮಾನದ ಸಂಜೆಯೂಟವನ್ನು ತೊರೆದದ್ದನ್ನು ಸಭೆ ಚಪ್ಪಾಳೆ ತಟ್ಟಿ ಸ್ವಾಗತಿಸಿತು.

ಮರುದಿನ ಸಂಜೆ ಶೀಲಾವತಿಯವರು ಅಕ್ಕಿರೊಟ್ಟಿ ತಟ್ಟಿ, ಹೆಸರುಕಾಳಿನ ಪಲ್ಯ ಮಾಡಿ, ಅತ್ತೆಗೆ ಬಡಿಸಿ, ತಮ್ಮ ತಟ್ಟೆಯನ್ನೂ ಹಾಕಿಕೊಂಡು ಪಕ್ಕದಲ್ಲೇ ಕುಳಿತರು.

“ಎಂತ ಇದು?” ಜಿನಮ್ಮನವರ ಕೈ ಬಾಯಿಯ ಹತ್ತಿರವೇ ನಿಂತಿತು. “ಗಂಡ ಉಣ್ಣೋ ಮೊದಲೇ?”

“ಮಧ್ಯಾಹ್ನ ಉಂಡೇ ಸಾಗರಕ್ಕೆ ಹೋದ್ರಲ್ಲ ಅತ್ತೆ, ಅವರದ್ದು ಇವತ್ತಿನ ಊಟ ಆಯ್ತು. ಅವರು ಉಂಡಮೇಲೇ ಉಣ್ತಾ ಇದ್ದೀನಿ.”

ಜಿನಮ್ಮನವರು ತಾವೇ ಮಾಡಿದ ನಿಯಮವನ್ನು ಮನಸ್ಸಿನಲ್ಲೇ ತಿರುವಿಹಾಕಿ ನೋಡಿದರು. ಎಲ್ಲಿಯೂ ಬಿರುಕು ಕಾಣಲಿಲ್ಲ. “ತುಪ್ಪ ಹಾಕ್ಕೋ. ಬರೀ ರೊಟ್ಟಿ ಒಣಗುತ್ತೆ” ಎಂದು ಗಿಂಡಿಯನ್ನು ಸೊಸೆಯ ಕಡೆಗೆ ಸರಿಸಿದರು.

ಅಷ್ಟರಲ್ಲಿ ಅಂಗಳದಲ್ಲಿ ಜಾವಾದ ಸದ್ದಾಯಿತು. ಹೊರಗೆ ಇನ್ನೂ ಢಾಳಾದ ಬೆಳಕಿತ್ತು. ಪದ್ಮರಾಜರು ಮಸಿಯಿಲ್ಲದ ಕೈಗಳನ್ನು ಎರಡೂ ಕಡೆ ಇಳಿಬಿಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಬಿಸಿ ರೊಟ್ಟಿಯ ವಾಸನೆ ಹಿಡಿದು ಹೆಂಡತಿಯ ತಟ್ಟೆಯತ್ತ ನೋಡಿದರು.

“ಗಾಡಿ ಇವತ್ತು ಎಷ್ಟು ಚೆನ್ನಾಗಿ ಬಂತು ಗೊತ್ತಾ?” ಎಂದರು. “ಸಾಗರದಿಂದ ಇಲ್ಲೀವರೆಗೆ ಎಲ್ಲೂ ನಿಲ್ಲಲಿಲ್ಲ.”

“ಅದು ಯಾವತ್ತೂ ನಿಂತೇ ಇಲ್ಲವಲ್ಲ” ಎಂದು ಶೀಲಾವತಿ ಇನ್ನೊಂದು ರೊಟ್ಟಿ ಹಾಕಿಕೊಂಡರು.